ಅರಳಗುಪ್ಪೆಯ ಎರಡು ಗುಡಿಗಳೂ ಒಂದು ಹೆಸರೂ

ತುಮಕೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ರೈಲಿನಲ್ಲಿಯಾಗಲಿ ಹೆದ್ದಾರಿಯಲ್ಲಿಯಾಗಲಿ ಈ ಸೀಮೆಯನ್ನು ಹಾದುಹೋಗುವವರ ಕಣ್ಣಿಗೆ ಬೀಳುವುದು ತೆಂಗಿನ ತೋಟವೊಂದೇ. ಮೈಲಿಗಟ್ಟಲೆ ದಾರಿಯ ಎರಡು ಕಡೆಗೂ ತೆಂಗು. ನಡುನಡುವೆ ಒಂದು ಕೆರೆಯ ಏರಿ, ರಾಗಿಯ ಹೊಲ, ಮತ್ತೆ ತೆಂಗು. ಆ ಮರಗಳ ಮರೆಯಲ್ಲಿ ಇರುವ ಊರುಗಳಿಗೂ ಒಂದು ಚರಿತ್ರೆಯಿರಬಹುದೆಂಬ ಯೋಚನೆ ಪ್ರಯಾಣಿಕನಿಗೆ ಬರುವುದು ಅಪರೂಪ. ಊರಿನವರಿಗಾದರೂ ಬರುತ್ತದೆಯೇ ಎಂದು ಕೇಳಿದರೆ, ಅವರೂ ಚರಿತ್ರೆಯೆಂದರೆ ಬೇಲೂರು, ಹಳೇಬೀಡು, ಹಂಪೆ ಎಂದು ಹೇಳಿ ಸುಮ್ಮನಾಗುವುದುಂಟು. ದೊಡ್ಡ ಊರಿಗೆ ಇತಿಹಾಸ, ಸಣ್ಣ ಊರಿಗೆ ಸ್ಥಳಪುರಾಣ ಎಂಬ ವಿಭಾಗವೊಂದು ನಮ್ಮ ಮನಸ್ಸಿನಲ್ಲಿ ಹೇಗೋ ನೆಲೆಸಿಬಿಟ್ಟಿದೆ. ಈ ವಿಭಾಗವು ಎಷ್ಟು ಮಟ್ಟಿಗೆ ಸರಿಯೆಂಬುದನ್ನು, ತಿಪಟೂರು ತಾಲ್ಲೂಕಿಗೆ ಸೇರಿದ ಅರಳಗುಪ್ಪೆಯೆಂಬ ಗ್ರಾಮವೊಂದನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಅರಳಗುಪ್ಪೆಯು ರಾಜಧಾನಿಯಾಗಿದ್ದುದಲ್ಲ, ಕೋಟೆಕೊತ್ತಲಗಳಿಗೆ ಹೆಸರಾದುದೂ ಅಲ್ಲ. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಿಬ್ಬನಹಳ್ಳಿಯ ಕೂಡುರಸ್ತೆಯನ್ನು ಬಲ್ಲವರಿಗೆ ಈ ಊರು ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ರೈಲುದಾರಿಯ ಪಟ್ಟಿಯಲ್ಲಿ ಬಾಣಸಂದ್ರಕ್ಕೂ ಕರಡಿಗೂ ನಡುವೆ ಇದರ ಹೆಸರಿನ ಒಂದು ಸಣ್ಣ ನಿಲ್ದಾಣವೂ ಉಂಟು. ಇಂತಹ ಊರಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಮುನ್ನೂರೈವತ್ತು ವರ್ಷಗಳಷ್ಟು ಅಂತರವಿರುವ ಎರಡು ಗುಡಿಗಳು ನಿಂತಿವೆ. ಎರಡೂ ತಮ್ಮ ತಮ್ಮ ಕಾಲದ ಉತ್ತಮ ಕೃತಿಗಳ ಸಾಲಿಗೆ ಸೇರತಕ್ಕವು. ಒಂದು ನೊಳಂಬರ ಕಾಲದ ಕಲ್ಲೇಶ್ವರ, ಇನ್ನೊಂದು ಹೊಯ್ಸಳರ ಕಾಲದ ಚೆನ್ನಕೇಶವ.

ಊರಿನ ಹೆಸರಿನ ವಿಷಯದಲ್ಲಿ ಒಂದು ಮಾತು. ಗುಪ್ಪೆಯೆಂದರೆ ರಾಶಿಯೆಂಬುದು ನಮ್ಮ ಒಕ್ಕಲು ಮನೆಗಳಲ್ಲಿ ಎಲ್ಲರಿಗೂ ತಿಳಿದ ಮಾತೇ. ಗೊಬ್ಬರದ ಗುಪ್ಪೆ, ಮಣ್ಣಿನ ಗುಪ್ಪೆ ಎಂದು ಈಗಲೂ ಆಡುತ್ತೇವೆ. ಮೊದಲ ಪದವನ್ನು ಅರಳೆಯೆಂದು ಹಿಡಿದರೆ ಹತ್ತಿಯ ರಾಶಿಯೆಂದಾಗುತ್ತದೆ. ಹಳಗನ್ನಡದ ಅರಲ್ ಎಂದು ಹಿಡಿದರೆ ಹೂವಿನ ರಾಶಿಯೆಂದಾಗುತ್ತದೆ. ಎರಡನೆಯದು ಕಿವಿಗೆ ಇಂಪಾದರೂ, ಊರುಗಳ ಹೆಸರು ಸಾಮಾನ್ಯವಾಗಿ ಕವಿಗಳಿಂದ ಹುಟ್ಟುವುದಲ್ಲ, ಕೆಲಸಮಾಡುವವರ ಬಾಯಿಂದ ಹುಟ್ಟುವುದು. ಆದುದರಿಂದ ನಮ್ಮ ಒಲವು ಹತ್ತಿಯ ಕಡೆಗೇ. ಇದು ಊಹೆಯೆಂಬುದನ್ನು ವಾಚಕರು ಮರೆಯಬಾರದು.

ಕಲ್ಲೇಶ್ವರನ ಗುಡಿಯನ್ನು ಹೊರಗಿನಿಂದ ನೋಡಿದವರು ಅಷ್ಟೇನೂ ಬೆರಗಾಗುವುದಿಲ್ಲ. ಗರ್ಭಗೃಹ, ಸುಕನಾಸಿ, ನವರಂಗ ಎಂಬ ಮೂರೇ ಅಂಗಗಳುಳ್ಳ ಚಿಕ್ಕ ದೇವಾಲಯ. ಗೋಡೆಗಳಲ್ಲಿ ಅರೆಗಂಬಗಳನ್ನು ಬಿಟ್ಟರೆ ಹೆಚ್ಚಿನ ಅಲಂಕಾರವಿಲ್ಲ. ಹೊಯ್ಸಳರ ಗುಡಿಗಳಿಗೆ ಒಗ್ಗಿದ ಕಣ್ಣಿಗೆ ಇದು ಬರಿದಾಗಿಯೇ ತೋರುವುದು. ಒಳಗೆ ಹೋಗಿ ತಲೆಯೆತ್ತಿದವನ ಸ್ಥಿತಿ ಬೇರೆ. ನವರಂಗದ ನಡುವಣ ಭುವನೇಶ್ವರಿಯಲ್ಲಿ, ಎಂದರೆ ಮಧ್ಯದ ಮೇಲ್ಛಾವಣಿಯಲ್ಲಿ, ಶಿವನು ನರ್ತಿಸುತ್ತಿದ್ದಾನೆ. ಅವನ ಪಕ್ಕದಲ್ಲಿ ವಾದ್ಯಗಾರರು. ಸುತ್ತಲೂ ಎಂಟು ಅಂಕಣಗಳಲ್ಲಿ ಎಂಟು ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ: ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣನ ಮೇಲೆ ಯಮ, ಮಕರದ ಮೇಲೆ ವರುಣ, ಹೀಗೆ. ನಾಲ್ಕು ಮೂಲೆಗಳಿಂದ ಗಂಧರ್ವರು ಮಾಲೆಗಳನ್ನು ಹಿಡಿದು ಹಾರಿಬರುತ್ತಿದ್ದಾರೆ. ಒಂಬತ್ತು ಅಂಕಣಗಳೂ ಸೇರಿ ಒಂದೇ ಗಳಿಗೆಯ ಚಿತ್ರ. ಕುಣಿತವೊಂದು ನಡೆಯುತ್ತಿದೆ, ಎಂಟು ದಿಕ್ಕುಗಳೂ ಅದನ್ನು ನೋಡಲು ಬಂದಿವೆ.

ಈ ಕೆಲಸದ ಗುಣವೇನೆಂಬುದನ್ನು ಸ್ವಲ್ಪ ಹೇಳಬೇಕು. ಹೊಯ್ಸಳ ಶಿಲ್ಪಿಯು ಆಭರಣವನ್ನು ಪ್ರೀತಿಸಿದವನು. ಅವನ ದೇವತೆಯ ಕೈಬಳೆಯಲ್ಲಿ ಮಣಿಗಳನ್ನು ಎಣಿಸಬಹುದು. ನೊಳಂಬರ ಕಾಲದ ಶಿಲ್ಪಿಯು ದೇಹವನ್ನು ಪ್ರೀತಿಸಿದವನು. ಇಲ್ಲಿಯ ಮೂರ್ತಿಗಳಲ್ಲಿ ಒಡವೆಯು ಮಿತವಾಗಿದೆ. ತೋಳಿನ ದುಂಡು, ಸೊಂಟದ ಬಾಗು, ಎತ್ತಿದ ಕಾಲಿನ ಭಾರ ಇವುಗಳೇ ಕಣ್ಣನ್ನು ಹಿಡಿದಿಡುತ್ತವೆ. ಸುಕನಾಸಿಯ ಬಾಗಿಲಿನ ಎರಡು ಪಕ್ಕಗಳಲ್ಲಿರುವ ಜಾಲಂಧ್ರಗಳಲ್ಲಿ ಬಳ್ಳಿಯು ಸುರುಳಿಸುರುಳಿಯಾಗಿ ಮೇಲಕ್ಕೇರಿ, ಪ್ರತಿಯೊಂದು ಸುರುಳಿಯೊಳಗೂ ಕುಣಿಯುವ ಒಂದು ಪುಟ್ಟ ಮೂರ್ತಿಗೆ ಎಡೆಮಾಡಿಕೊಟ್ಟಿದೆ. ಬಾಗಿಲ ಮೇಲೆ ಆನೆಗಳು ನೀರೆರೆಯುತ್ತಿರುವ ಗಜಲಕ್ಷ್ಮಿ. ಗುಡಿಯ ಕಾಲವು ಒಂಬತ್ತನೆಯ ಶತಮಾನ. ಅಂದರೆ ಕವಿರಾಜಮಾರ್ಗವು ಹುಟ್ಟಿದ ಶತಮಾನವೇ, ಪಂಪನ ಕಾಲಕ್ಕಿಂತ ಹಿಂದೆ. ಕನ್ನಡ ಕಾವ್ಯವು ಇನ್ನೂ ತನ್ನ ದೊಡ್ಡ ಕೃತಿಗಳನ್ನು ಕೊಡಬೇಕಾಗಿದ್ದಾಗ ಕನ್ನಡನಾಡಿನ ಒಂದು ಹಳ್ಳಿಯಲ್ಲಿ ಕಲ್ಲು ಇಷ್ಟು ಪ್ರೌಢವಾಗಿ ಮಾತನಾಡಿತ್ತೆಂಬುದು ನಾವು ನೆನಪಿನಲ್ಲಿಡಬೇಕಾದ ಸಂಗತಿ.

ಈ ನೊಳಂಬರು ಯಾರು? ಪಲ್ಲವರ ಅನ್ವಯದವರೆಂದು ಹೇಳಿಕೊಂಡ ಇವರು ಹೆಂಜೇರು ಎಂಬ ಊರಿನಿಂದ ಆಳಿದರು. ಅದೇ ಈಗಿನ ಹೇಮಾವತಿ. ಶಿರಾ ಸೀಮೆಗೆ ಸಮೀಪವಾಗಿ, ಆಂಧ್ರದ ಮಡಕಶಿರಾ ಕಡೆ ಇದೆ. ಅವರ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಹೆಸರು. ಗಂಗರೊಡನೆ ಇವರಿಗೆ ಒಮ್ಮೆ ನೆಂಟಸ್ತನ, ಒಮ್ಮೆ ಯುದ್ಧ. ಕಲ್ಲೇಶ್ವರನ ಗುಡಿ ಎದ್ದ ಕಾಲದಲ್ಲಿ ನೊಳಂಬರು ಗಂಗರಿಗೆ ಅಧೀನರಾಗಿದ್ದರು; ಆದರೂ ಮಹೇಂದ್ರನೆಂಬ ನೊಳಂಬ ದೊರೆ ಗಂಗರ ಮೇಲೆಯೇ ತಿರುಗಿಬಿದ್ದನು. ಗಂಗ ಎರೆಯಪ್ಪನು ಅವನನ್ನು ಕೊಂದು ಮಹೇಂದ್ರಾಂತಕನೆಂಬ ಬಿರುದನ್ನು ಧರಿಸಿದನು. ಮುಂದೆ ಹತ್ತನೆಯ ಶತಮಾನದಲ್ಲಿ ಗಂಗ ಇಮ್ಮಡಿ ಮಾರಸಿಂಹನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೊಳಂಬಕುಲಾಂತಕನೆನಿಸಿಕೊಂಡನು. ಈ ಬಿರುದಿನ ಮಾರಸಿಂಹನ ಕೀರ್ತಿಯು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಕೆತ್ತಲ್ಪಟ್ಟಿದೆ. ಬಳಿಕ ಚೋಳರು ಬಂದರು. ಹೆಂಜೇರಿನ ಸೊಗಸಾದ ಕಂಬಗಳು ಅವರೊಡನೆ ಕಾವೇರಿಯ ಕೆಳಗಣ ತಿರುವಯ್ಯಾರಿಗೆ ಪ್ರಯಾಣಮಾಡಿದುವು. ನೊಳಂಬ ಶಿಲ್ಪವನ್ನು ಪೂರ್ತಿಯಾಗಿ ತಿಳಿಯಬೇಕೆನ್ನುವವರು ಇಂದಿಗೂ ತಮಿಳುನಾಡಿನ ಆ ದೇವಾಲಯದ ಕೈಸಾಲೆಗೆ ಹೋಗಿ ನೋಡಬೇಕಾಗಿದೆ.

ಕುಲಾಂತಕನೆಂಬ ಬಿರುದು ಶಾಸನಕ್ಕೆ ಚೆಂದ. ಆದರೆ ನಡೆದುದೇನು? ನೊಳಂಬರ ಹೆಸರು ಈ ಸೀಮೆಯ ಮನೆಮನೆಯಲ್ಲಿಯೂ ಇದೆ. ತಿಪಟೂರು, ತುರುವೇಕೆರೆ, ಗುಬ್ಬಿಯ ಕಡೆಗಳಲ್ಲಿ ನೊಣಬರೆಂಬ ಒಕ್ಕಲುಗಳು ಹೇರಳವಾಗಿದ್ದಾರೆ. ಇವರು ವೀರಶೈವ ಲಿಂಗಾಯತರು, ಸೊನ್ನಲಿಗೆಯ ಸಿದ್ಧರಾಮೇಶ್ವರನನ್ನು ಗುರುವೆಂದು ನಂಬಿದವರು. ನೊಣಬವೆಂಬ ಮಾತು ನೊಳಂಬದಿಂದಲೇ ಬಂದುದೆಂದು ಬಿ. ಎಲ್. ರೈಸ್ ಮೊದಲಾದ ವಿದ್ವಾಂಸರು ತಿಳಿಸಿದ್ದಾರೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯೆಂಬ ಊರಿನ ಹೆಸರಿನಲ್ಲಿಯೂ ಅದೇ ಮಾತು ಅಡಗಿದೆಯೆನ್ನುತ್ತಾರೆ. ಕುಲವನ್ನು ಅಳಿಸಿದೆನೆಂದು ಕಲ್ಲಿನಲ್ಲಿ ಬರೆಯಿಸಿದವನ ಮಾತು ಬೆಟ್ಟದ ಮೇಲಣ ಕಂಬದಲ್ಲಿ ಉಳಿಯಿತು. ಅಳಿದುಹೋಯಿತೆಂಬ ಹೆಸರು ಕೆರೆಯ ಕೆಳಗೆ ನೇಗಿಲು ಹಿಡಿದವರಲ್ಲಿ ಉಳಿಯಿತು.

ಇನ್ನು ಎರಡನೆಯ ಗುಡಿಗೆ ಬರೋಣ. ನಡುವಣ ಎರಡು ಶತಮಾನಗಳಲ್ಲಿ ಚೋಳರು ಹೋದರು, 1116ರಲ್ಲಿ ತಲಕಾಡನ್ನು ಗೆದ್ದ ವಿಷ್ಣುವರ್ಧನನು ಈ ಭಾಗವನ್ನೆಲ್ಲ ಹೊಯ್ಸಳರ ಆಳ್ವಿಕೆಗೆ ತಂದನು. ಚೆನ್ನಕೇಶವನ ಗುಡಿಯು ಹದಿಮೂರನೆಯ ಶತಮಾನದ ನಡುಗಾಲದ್ದು, ಸುಮಾರು 1250ರದು. ಬಳಪದ ಕಲ್ಲಿನ ಕಟ್ಟಡ. ಈ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದೆಂಬುದನ್ನೂ, ಆದುದರಿಂದಲೇ ಹೊಯ್ಸಳ ರೂವಾರಿಗಳು ಅಷ್ಟು ಸೂಕ್ಷ್ಮವಾದ ಕೆಲಸಕ್ಕೆ ಕೈಹಾಕಿದರೆಂಬುದನ್ನೂ ವಾಚಕರು ಬಲ್ಲರು. ಗುಡಿಗೆ ಒಂದೇ ಗರ್ಭಗೃಹ, ಒಂದೇ ಶಿಖರ. ತಳವು ನಕ್ಷತ್ರದ ಆಕಾರದಲ್ಲಿದೆ. ಶಿಖರವೂ ಉಳಿದುಬಂದಿರುವುದು ಊರಿನ ಭಾಗ್ಯ. ಗೋಡೆಯ ಕೆಳಭಾಗದಲ್ಲಿ ಆನೆಗಳು, ಕುದುರೆ ಸವಾರರು, ಬಳ್ಳಿ, ಪುರಾಣಕಥೆಗಳು, ಮಕರ, ಹಂಸ ಎಂಬ ಪಟ್ಟಿಕೆಗಳು ಒಂದರ ಮೇಲೊಂದು ಸುತ್ತುವರಿದಿವೆ. ಕಥೆಯ ಪಟ್ಟಿಕೆಯಲ್ಲಿ ರಾಮಾಯಣ, ಭಾರತ, ಭಾಗವತ ಮೂರೂ ಉಂಟು. ಓದುಬರಹ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಪ್ರದಕ್ಷಿಣೆ ಬರುವ ಪ್ರತಿಯೊಬ್ಬ ಒಕ್ಕಲಿಗನಿಗೂ, ಅವನ ಮಕ್ಕಳಿಗೂ, ಇದು ಬಿಚ್ಚಿಟ್ಟ ಪುಸ್ತಕವಾಗಿತ್ತು. ಅಲ್ಲಿಂದ ಮೇಲೆ ದೊಡ್ಡ ವಿಗ್ರಹಗಳ ಸಾಲು.

ಈ ವಿಗ್ರಹಗಳ ಸಂಬಂಧದಲ್ಲಿಯೇ ಹೊನೋಜನೆಂಬ ರೂವಾರಿಯ ಹೆಸರು ನಮಗೆ ದೊರೆತಿರುವುದು. ಹೊನ್ನು ಮತ್ತು ಓಜ. ಓಜವೆಂಬ ಪದವು ಉಪಾಧ್ಯಾಯವೆಂಬ ಸಂಸ್ಕೃತ ಪದದಿಂದ ಪ್ರಾಕೃತದ ಮೂಲಕ ಬಂದುದು; ಕಮ್ಮಾರ, ಬಡಗಿ, ಅಕ್ಕಸಾಲೆ, ಕಲ್ಲುಕುಟಿಗ ಮೊದಲಾದ ಕುಶಲವೃತ್ತಿಯವರು ತಮ್ಮ ಹೆಸರಿನ ಕೊನೆಗೆ ಇದನ್ನು ಇಟ್ಟುಕೊಳ್ಳುತ್ತಿದ್ದರು. ಕೆಲಸ ಕಲಿತವನೇ ಗುರುವೆಂಬ ಭಾವನೆ ಆ ಒಂದು ಅಕ್ಷರದಲ್ಲಿದೆ. ಬೇಲೂರಿನ ದಾಸೋಜ, ನುಗ್ಗೆಹಳ್ಳಿಯ ಬೈಚೋಜ ಇವರೆಲ್ಲರೂ ಇದೇ ಬಳಗದವರು.

ಇಲ್ಲಿ ನಮಗೊಂದು ತಕರಾರುಂಟು. ನಮ್ಮ ಸೀಮೆಯಲ್ಲಿ ಎಲ್ಲಿ ಒಂದು ಒಳ್ಳೆಯ ಗುಡಿಯನ್ನು ಕಂಡರೂ, ಇದನ್ನು ಕಟ್ಟಿದವರು ಯಾರೆಂದು ಕೇಳಿದರೆ ಬರುವ ಉತ್ತರ ಒಂದೇ: ಜಕಣಾಚಾರಿ. ಜಕಣಾಚಾರಿಯ ಹುಟ್ಟೂರೆನ್ನುವ ಕೈದಾಳವೂ ನಮ್ಮ ಜಿಲ್ಲೆಯದೇ ಆದುದರಿಂದ ಈ ಉತ್ತರದಲ್ಲಿ ಸ್ವಲ್ಪ ಅಭಿಮಾನವೂ ಬೆರೆತಿರುತ್ತದೆ. ಕಥೆಯನ್ನು ಅರಿಯದವರಿಲ್ಲ. ತಂದೆಯು ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಹುಡುಗ ಡಂಕಣನು ಹೇಳುವುದು, ಗಂಧವನ್ನು ಬಳಿದಾಗ ಹೊಟ್ಟೆಯ ಭಾಗವೊಂದೇ ಆರದೆ ಉಳಿಯುವುದು, ಅಲ್ಲಿ ಕಪ್ಪೆಯೂ ನೀರೂ ಕಾಣಿಸುವುದು, ತಂದೆ ತನ್ನ ಬಲಗೈಯನ್ನು ಕಡಿದುಕೊಳ್ಳುವುದು, ಹುಟ್ಟೂರಿನಲ್ಲಿ ಕೇಶವನನ್ನು ಪ್ರತಿಷ್ಠೆಮಾಡಿದ ಮೇಲೆ ಕೈ ಮರಳಿ ಬರುವುದು. ಕಥೆಯಾಗಿ ಇದಕ್ಕಿಂತ ಉತ್ತಮವಾದುದು ನಮ್ಮಲ್ಲಿ ಅಪೂರ್ವ. ಆದರೆ ಕೈದಾಳದ ದೇವಾಲಯಗಳನ್ನು ಕಟ್ಟಿಸಿದವನು ಇಮ್ಮಡಿ ವಿಷ್ಣುವಲ್ಲ, ಬ್ರಹ್ಮನಲ್ಲ, ಒಂದನೆಯ ನರಸಿಂಹನ ಸಾಮಂತ ಬಾಚಿಯೆಂದು ಅಲ್ಲಿಯ ಶಾಸನವೇ ಹೇಳುತ್ತದೆ; ಕಾಲ 1150–51. ಜಕಣಾಚಾರಿಯೆಂಬ ರೂವಾರಿಯ ರುಜುವು ಬೇಲೂರು ಹಳೇಬೀಡುಗಳ ನೂರಾರು ವಿಗ್ರಹಗಳಲ್ಲಿ ಒಂದರಲ್ಲಿಯೂ ಕಾಣಬಂದಿಲ್ಲ. ದಕ್ಷಿಣಾಚಾರ್ಯನೆಂಬ ಮಾತೇ ಜಕಣಾಚಾರಿಯಾಗಿರಬಹುದೆಂದು ಕೆಲವು ಪಂಡಿತರ ಅಭಿಪ್ರಾಯ.

ಕಾಲದ ಲೆಕ್ಕವನ್ನಾದರೂ ನೋಡಬಹುದು. ಅರಳಗುಪ್ಪೆಯ ಎರಡು ಗುಡಿಗಳನ್ನೂ ಅವನೇ ಕಟ್ಟಿದನೆಂದರೆ ಅವನು ಒಂಬತ್ತನೆಯ ಶತಮಾನದಲ್ಲಿ ಉಳಿ ಹಿಡಿದು, 1117ರಲ್ಲಿ ಬೇಲೂರನ್ನು ಮುಗಿಸಿ, 1250ರಲ್ಲಿ ಮತ್ತೆ ಇದೇ ಊರಿಗೆ ಬಂದು, 1268ರ ಹೊತ್ತಿಗೆ ಸೋಮನಾಥಪುರದಲ್ಲಿ ಇರಬೇಕಾಗುತ್ತದೆ. ಮಾರ್ಕಂಡೇಯನಿಗೆ ಸಹ ಇಷ್ಟು ಕೆಲಸವಿರಲಿಲ್ಲ.

ಐತಿಹ್ಯವನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಜನರು ಒಬ್ಬ ಜಕಣಾಚಾರಿಯನ್ನು ಕಲ್ಪಿಸಿಕೊಂಡುದು, ಈ ಕೆಲಸವನ್ನು ಮಾಡಿದವನು ಅರಸನಲ್ಲ, ಕೈಯುಳ್ಳ ಮನುಷ್ಯನೊಬ್ಬನು ಎಂಬ ಸರಿಯಾದ ಅರಿವಿನಿಂದಲೇ. ತೊಂದರೆಯೇನೆಂದರೆ, ಆ ಕಲ್ಪಿತ ಪುರುಷನ ದೊಡ್ಡ ನೆರಳಿನಲ್ಲಿ ನಿಜವಾಗಿ ಇದ್ದ ಜನರು ಮುಚ್ಚಿಹೋದರು. ಹೊಯ್ಸಳರ ರೂವಾರಿಗಳು ಇಂಡಿಯಾ ದೇಶದ ಶಿಲ್ಪಿಗಳಲ್ಲಿ ಹೆಸರು ಬರೆದಿಟ್ಟವರೆಂದೇ ವಿಶೇಷ. ಅಜಂತದ ಚಿತ್ರಗಾರನು ಯಾರೋ ನಮಗೆ ತಿಳಿಯದು. ನುಗ್ಗೆಹಳ್ಳಿಯ ಗೋಡೆಯ ಒಂದು ಪಾರ್ಶ್ವವನ್ನು ಬೈಚೋಜನೂ ಇನ್ನೊಂದನ್ನು ಮಲ್ಲಿತಮ್ಮನೂ ಮಾಡಿದರೆಂಬುದು ತಿಳಿದಿದೆ. ಅದು 1246ರ ಗುಡಿ. ಅರಳಗುಪ್ಪೆಗೆ ದೂರವೂ ಅಲ್ಲ. ಮಲ್ಲಿತಮ್ಮನೆಂಬ ಹೆಸರು 1196ರ ಅಮೃತಾಪುರದಲ್ಲಿಯೂ ಬರುತ್ತದೆ, ಸೋಮನಾಥಪುರದಲ್ಲಿ ಸುಮಾರು ನಲ್ವತ್ತು ವಿಗ್ರಹಗಳ ಕೆಳಗೂ ಬರುತ್ತದೆ. ಒಬ್ಬನೇ ಮನುಷ್ಯನು ಎಪ್ಪತ್ತು ವರ್ಷ ಉಳಿ ಹಿಡಿದನೋ, ಅಜ್ಜನ ಹೆಸರನ್ನು ಮೊಮ್ಮಗನು ಹೊತ್ತನೋ, ವಾಚಕರು ತಮಗೆ ತೋರಿದಂತೆ ಯೋಚಿಸಬಹುದು. ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಮೇಲೆ 1917ರಲ್ಲಿ ಪುಸ್ತಕವನ್ನು ಬರೆದಾಗ ಈ ರುಜುಗಳನ್ನು ಶ್ರದ್ಧೆಯಿಂದ ಕೂಡಿಸಿದರು. ಕವಿಚರಿತೆಯಲ್ಲಿ ಮರೆತುಹೋದ ಕವಿಗಳಿಗೆ ಮಾಡಿದ ಉಪಕಾರವನ್ನೇ ಅವರು ಇಲ್ಲಿ ರೂವಾರಿಗಳಿಗೂ ಮಾಡಿದರೆನ್ನಬಹುದು.

ಹೊನೋಜನು ಆ ಕಾಲದವನು. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಅವನ ಸಮಕಾಲೀನ. ಮಲ್ಲಿಕಾರ್ಜುನನ ಮಗ ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣದಲ್ಲಿ ಕನ್ನಡದ ಅಕ್ಷರಗಳಿಗೂ ಶಬ್ದಗಳಿಗೂ ಸೂತ್ರ ಕಟ್ಟುತ್ತಿದ್ದಾಗ, ಈ ಹಳ್ಳಿಯಲ್ಲಿ ಒಬ್ಬ ಕಲ್ಲುಕೆಲಸದವನು ಅವೇ ಅಕ್ಷರಗಳಲ್ಲಿ ತನ್ನ ಹೆಸರನ್ನು ಕೆತ್ತಿ ಹೆಚ್ಚು ವರ್ಷಗಳಾಗಿರಲಿಲ್ಲ. ಕೇಶಿರಾಜನ ಹೆಸರನ್ನು ನಮ್ಮ ಶಾಲೆಯ ಹುಡುಗರು ಬಲ್ಲರು. ಹೊನೋಜನ ಹೆಸರನ್ನು ಅವನ ಗುಡಿಯ ನೆರಳಿನಲ್ಲಿ ಆಡುವ ಹುಡುಗರಿಗೂ ಹೇಳಿಕೊಡಬಾರದೇಕೆ?

ಇಷ್ಟು ಸಣ್ಣ ಊರಿಗೆ ಇಂತಹ ಗುಡಿಯೇಕೆ ಬಂದಿತು ಎಂಬ ಪ್ರಶ್ನೆಯನ್ನು ಒಂದೇ ಊರನ್ನು ನೋಡಿ ಬಿಡಿಸಲಾಗದು. ಸುತ್ತಲೂ ಸ್ವಲ್ಪ ಕಣ್ಣಾಡಿಸಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಸೆಟ್ಟಿಕೆರೆಯಲ್ಲಿ 1261ರಲ್ಲಿ ಗೋಪಾಲ ದಂಡನಾಯಕನು ಯೋಗಮಾಧವನ ಗುಡಿಯನ್ನು ಕಟ್ಟಿಸಿದನು. ತುರುವೇಕೆರೆಯ ಚೆನ್ನಕೇಶವ 1263ರದು; ಸೋಮ ದಂಡನಾಯಕನ ಕೆಲಸ. ತುರುವೇಕೆರೆಯ ಹತ್ತಿರದ ವಿಘ್ನಸಂತೆಯಲ್ಲಿ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಅಣ್ಣತಮ್ಮಂದಿರು 1286ರಲ್ಲಿ ಲಕ್ಷ್ಮೀನರಸಿಂಹನ ತ್ರಿಕೂಟವನ್ನು ಎತ್ತಿದರು. ನಾಗಲಾಪುರದಲ್ಲಿ ಅದೇ ಶತಮಾನದ ಚೆನ್ನಕೇಶವ, ಕೇದಾರೇಶ್ವರ. ನಲ್ವತ್ತು ವರ್ಷಗಳೊಳಗೆ, ಒಂದು ದಿನದ ನಡಿಗೆಯ ಆಸುಪಾಸಿನಲ್ಲಿ, ಇಷ್ಟು ಗುಡಿಗಳು! ಇವುಗಳನ್ನು ಕಟ್ಟಿಸಿದವರು ದೊರೆಗಳಲ್ಲ; ಮೂರನೆಯ ನರಸಿಂಹನ ದಂಡನಾಯಕರು, ಅಧಿಕಾರಿಗಳು. 1254ರಲ್ಲಿ ಹೊಯ್ಸಳ ರಾಜ್ಯವು ಎರಡಾಗಿ, ದೋರಸಮುದ್ರದ ಭಾಗವು ನರಸಿಂಹನಿಗೂ ತಮಿಳು ಭಾಗವು ರಾಮನಾಥನಿಗೂ ಹೋದಮೇಲೆ, ದೋರಸಮುದ್ರದ ಆಸ್ಥಾನಕ್ಕೆ ಈ ಸೀಮೆಯು ಹತ್ತಿರದ ನೆಚ್ಚಿನ ನೆಲವಾಗಿದ್ದಿರಬೇಕು.

ದಂಡನಾಯಕನಿಗೆ ಹಣವಿದ್ದರೆ ಸಾಲದು. ಗುಡಿಗೆ ದಿನವೂ ದೀಪ, ನೈವೇದ್ಯ, ಪೂಜೆಯವನ ಜೀವನ ಇವೆಲ್ಲ ಎಲ್ಲಿಂದ ನಡೆಯಬೇಕು? ಕೆರೆಯಿಂದ. ಆ ಕಾಲದ ದತ್ತಿಯ ಶಾಸನಗಳನ್ನು ಓದಿದವರಿಗೆ ಅವುಗಳ ನಿಜವಾದ ವಿಷಯವು ದೇವರಿಗಿಂತ ಹೆಚ್ಚಾಗಿ ನೀರು ಎಂದು ತೋರುತ್ತದೆ. ಕೆರೆಯ ಕೆಳಗೆ ಇಷ್ಟು ಗದ್ದೆ, ಏರಿಯ ಹಿಂದೆ ಇಷ್ಟು ತೋಟ, ಇಷ್ಟು ಬೆದ್ದಲು. ಮೂಡಲಿಗೆ ನಟ್ಟ ಕಲ್ಲು, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಹಳ್ಳ. ಕೊನೆಗೆ, ಇದಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ಆ ಶಾಪಕ್ಕೆ ಹೆದರಿಯೋ ನೀರಿಗೆ ಹೆದರಿಯೋ, ಜನರು ಏರಿಗೆ ಮಣ್ಣು ಹಾಕಿದರು, ತೂಬನ್ನು ಸರಿಮಾಡಿದರು. ಈ ಸೀಮೆಯಲ್ಲಿ ಜೀವನದಿಯಿಲ್ಲ. ಗುಡಿ, ಕೆರೆ, ತೋಟ ಎಂಬ ಮೂರನ್ನು ನಾವು ಈಗ ಬೇರೆಬೇರೆ ಇಲಾಖೆಗಳಿಗೆ ಹಂಚಿದ್ದೇವೆ. ಕಟ್ಟಿದವರಿಗೆ ಅವು ಒಂದೇ ವ್ಯವಸ್ಥೆಯ ಮೂರು ಕೊಂಬೆಗಳಾಗಿದ್ದುವು.

ಮುಂದಿನ ಶತಮಾನಗಳನ್ನು ಬೇಗನೆ ದಾಟಬಹುದು. ಹೊಯ್ಸಳರ ತರುವಾಯ ವಿಜಯನಗರ, ಆಮೇಲೆ ಹಾಗಲವಾಡಿಯ ನಾಯಕರು, ಅವರ ಬಳಿಕ ಮೈಸೂರು. ಹೊಸ ಗುಡಿಗಳು ಎದ್ದುವು, ಆದರೆ ಹೊನೋಜನ ಕೈಯ ಗುಣ ಮತ್ತೆ ಬರಲಿಲ್ಲ. 1791ರಲ್ಲಿ ಪರಶುರಾಮ ಭಾವೆಯ ಮರಾಠಾ ಸೈನ್ಯವು ಟೀಪುವಿನ ಮೇಲೆ ಹೋಗುತ್ತ ಚಿಕ್ಕನಾಯಕನಹಳ್ಳಿಯನ್ನು ಕೊಳ್ಳೆಹೊಡೆಯಿತು. ಅದಾದ ಒಂಬತ್ತು ವರ್ಷಕ್ಕೆ, 1800ರಲ್ಲಿ, ಕಂಪೆನಿ ಸರ್ಕಾರದವರು ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಯುದ್ಧದಿಂದ ಹಾಳಾದ ಊರುಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅದರ ಜೊತೆಯಲ್ಲಿಯೇ ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿಯ ಕಡೆಯ ತೆಂಗು ಅಡಕೆ ತೋಟಗಳ ವಿವರವೂ ಬರುತ್ತದೆ. ಸೈನ್ಯ ಹೋದ ಮೇಲೂ ತೋಟವಿತ್ತು. ಬೆಳೆಯನ್ನು ಒಂದು ರಾತ್ರಿಯಲ್ಲಿ ಕುದುರೆಗಳಿಗೆ ಮೇಯಿಸಬಹುದು. ತೆಂಗಿನ ಮರವನ್ನು ಮೇಯಿಸಲಾಗುವುದಿಲ್ಲ.

ತೆಂಗು ಈ ಸೀಮೆಯ ಮುಖವನ್ನೇ ಮಾರ್ಪಡಿಸಿದುದು ಮಾತ್ರ ರೈಲು ಬಂದ ಮೇಲೆ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ದಾರಿ ತೆರೆಯಿತು; 1889ರ ಹೊತ್ತಿಗೆ ಅದು ತಿಪಟೂರು ಅರಸೀಕೆರೆಗಳ ಮೇಲೆ ಹರಿಹರವನ್ನು ಮುಟ್ಟಿತು. ಅದುವರೆಗೆ ತಾಲ್ಲೂಕಿನ ಕೇಂದ್ರವಾಗಿದ್ದ ಹೊನ್ನವಳ್ಳಿ ಹಿಂದೆ ಬಿದ್ದು, ರೈಲಿನ ಬಳಿಯ ತಿಪಟೂರು ಮುಂದೆ ಬಂದಿತು. ಈಗ ತಿಪಟೂರಿನ ಉಂಡೆಕೊಬ್ಬರಿಯ ಮಾರುಕಟ್ಟೆಯು ದೇಶದಲ್ಲಿಯೇ ಹೆಸರಾಗಿದೆ. ಉಂಡೆಕೊಬ್ಬರಿಯ ರೀತಿಯನ್ನು ಹೊರಗಿನ ವಾಚಕರಿಗಾಗಿ ಹೇಳುವುದಾದರೆ: ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಮನೆಯ ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುವುದು. ಬಿಸಿಲು ಬೇಡ, ಗಾಣ ಬೇಡ. ಒಳಗಣ ನೀರು ತಾನಾಗಿ ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡನೆ ಉರುಳುವುದು. ಆಮೇಲೆ ಸುಲಿದು, ಚಿ‍ಪ್ಪನ್ನು ಜೋಕೆಯಿಂದ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ಹೀಗೆ ಒಂದು ವರ್ಷದ ಬೆಳೆಯು ತಲೆಯ ಮೇಲೆ ಕಾಯುತ್ತಿರುವಾಗ ಕೆಳಗೆ ಸಂಸಾರ ನಡೆಯುತ್ತದೆ. ಉತ್ತರ ಹಿಂದೂಸ್ಥಾನದ ಮಿಠಾಯಿಗೂ ಪೂಜೆಗೂ ಇಲ್ಲಿಂದ ಹೋಗುವ ಕೊಬ್ಬರಿಯ ಹಿಂದೆ ಇಷ್ಟು ತಾಳ್ಮೆಯಿದೆ. ಧಾರಣೆ ಬಿದ್ದ ವರ್ಷ ಆ ತಾಳ್ಮೆಗೆ ಬೆಲೆಯೂ ಇಲ್ಲ. ಇದನ್ನು ತೋಟದ ಮನೆಗಳಿಗೆ ಹೇಳಬೇಕಾದುದಿಲ್ಲ.

ಮಳೆ ಕೈಕೊಟ್ಟಂತೆ ಕೊಳವೆಬಾವಿಗಳು ಆಳಕ್ಕೆ ಇಳಿದುವು, ಕೆರೆಗಳನ್ನು ಕೇಳುವವರಿಲ್ಲವಾಯಿತು. ಹೇಮಾವತಿಯ ಅಣೆಕಟ್ಟು ಗೊರೂರಿನಲ್ಲಿ 1979ರಲ್ಲಿ ಮುಗಿದು, ಅದರ ನಾಲೆಯ ನೀರು ಈ ಜಿಲ್ಲೆಗೂ ಬಂದ ಮೇಲೆ ಹಲವು ಹಳೆಯ ಕೆರೆಗಳಿಗೆ ಮರುಜನ್ಮವಾಯಿತು. ಹೊಸ ನೀರು ಬಂದು ನಿಂತುದೂ ಹಳೆಯ ಏರಿಯ ಹಿಂದೆಯೇ.

ಅರಳಗುಪ್ಪೆಯನ್ನೂ ಇದರ ಸುತ್ತಣ ಊರುಗಳನ್ನೂ ವಿದ್ವತ್ಪ್ರಪಂಚಕ್ಕೆ ತಿಳಿಸಿದವರಲ್ಲಿ ರೈಸ್ ಮೊದಲಿಗರು. ತುಮಕೂರು ಜಿಲ್ಲೆಯ ಶಾಸನಗಳು ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಹೊರಬಂದುವು. ಆ ಸಂಪುಟವನ್ನು ಕೈಯಲ್ಲಿ ಹಿಡಿದು ಇಂದು ಹಳ್ಳಿಹಳ್ಳಿಗೆ ಹೋದವರಿಗೆ ಒಂದು ಸಂಗತಿ ಎದುರಾಗುತ್ತದೆ: ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ ಪ್ರತಿಯೊಂದು ಕಲ್ಲೂ ಇರುವುದಿಲ್ಲ. ದೊಡ್ಡ ಗುಡಿಗಳಿಗೆ ಈಗ ಸರ್ಕಾರದ ರಕ್ಷಣೆಯುಂಟು. ಅರಳಗುಪ್ಪೆಯ ಗುಡಿಗಳಿಗೂ ಉಂಟು. ರಕ್ಷಣೆಯ ಗೆರೆಯ ಹೊರಗೆ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲು, ತೋಟದ ಎಲ್ಲೆಯ ಶಾಸನಗಳಿಗೆ ಅದು ಇಲ್ಲ. ಅಂತಹ ಕಲ್ಲು ಒಂದೊಂದು ಊರಿನಲ್ಲಿ ಬಟ್ಟೆ ಒಗೆಯುವ ಹಾಸಾಗಿದೆ, ಒಂದೊಂದರಲ್ಲಿ ಕಾಲುವೆಯ ಮೇಲಣ ಚಪ್ಪಡಿಯಾಗಿದೆ. ತುರುಗಳನ್ನು ಹಿಂದಕ್ಕೆ ತರಲು ಹೋಗಿ ಸತ್ತವನ ಮೂರು ಅಂಕಣದ ಕಲ್ಲು, ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ, ಅದೂ ಯಾರದೋ ಮನೆಯ ಹಿರಿಯನದೇ. ಅದರ ಅಕ್ಷರ ಸವೆದ ದಿನ ಆ ಮನೆಯ ಹಿರಿಯನ ಹೆಸರೂ ಜಕಣಾಚಾರಿಯ ಕಥೆಯಂತಹ ಯಾವುದಾದರೊಂದು ಕಥೆಯೊಳಗೆ ಕರಗಿಹೋಗುತ್ತದೆ.

ಇದಕ್ಕೆ ದೊಡ್ಡ ಹಣವೂ ಬೇಡ, ದೊಡ್ಡ ಪಂಡಿತರೂ ಬೇಡ. ಪ್ರತಿಯೊಂದು ಊರಿನ ಶಾಲೆಯಲ್ಲಿಯೂ ಒಂದು ದಪ್ಪ ಪುಸ್ತಕವಿಟ್ಟು, ಊರೊಳಗಣ ಕಲ್ಲುಗಳು ಎಲ್ಲೆಲ್ಲಿವೆ, ಅವುಗಳಲ್ಲಿ ಏನು ಕಾಣುತ್ತದೆ, ಕೆರೆಯ ಏರಿ, ತೂಬು, ಕೋಡಿಗಳಿಗೆ ಊರವರು ಕರೆಯುವ ಹೆಸರೇನು, ಹೊಲಗಳ ಹೆಸರೇನು ಎಂದು ಬರೆದಿಟ್ಟರೆ ಆಯಿತು. ಹೊಲಗಳ ಹೆಸರು ವಿಶೇಷವಾಗಿ ಬೇಕು. ಸರ್ವೆಯ ನಂಬರು ಬಂದ ಮೇಲೆ ಅವು ಮುದುಕರ ಬಾಯಲ್ಲಿ ಮಾತ್ರ ಉಳಿದಿವೆ. ಹಳಗನ್ನಡದ ಲಿಪಿಯನ್ನು ಒಂದು ಬೇಸಗೆಯಲ್ಲಿ ಕಲಿಯಬಹುದು. ಹದಿಮೂರನೆಯ ಶತಮಾನದ ಅಕ್ಷರವಂತೂ ನಮ್ಮ ಅಕ್ಷರಕ್ಕೆ ಸಾಕಷ್ಟು ಹತ್ತಿರದ ನೆಂಟ.

ಅರಳಗುಪ್ಪೆಯನ್ನು ನೋಡಲಿಚ್ಛಿಸುವವರು ಬೆಳಗಿನ ಹೊತ್ತಿಗೆ ಹೋಗುವುದು ಮೇಲು. ಚೆನ್ನಕೇಶವನ ಗೋಡೆಯನ್ನು ಓರೆಬಿಸಿಲಿನಲ್ಲಿ ನೋಡಬೇಕು. ನೆತ್ತಿಯ ಬಿಸಿಲಿನಲ್ಲಿ ಕಥೆಯ ಪಟ್ಟಿಕೆಯ ಸೂಕ್ಷ್ಮವೆಲ್ಲ ಮಾಯವಾಗುತ್ತದೆ. ಕಲ್ಲೇಶ್ವರನ ನವರಂಗಕ್ಕೆ ಕೈದೀಪವೊಂದು ಜೊತೆಯಲ್ಲಿರಲಿ. ಮೇಲ್ಛಾವಣಿಯನ್ನು ನಿಂತು ನೋಡಿದರೆ ಕತ್ತು ಸೋಲುವುದು. ನೆಲದ ಮೇಲೆ ಅಂಗಾತ ಮಲಗಿ ನೋಡುವುದೇ ಸರಿಯಾದ ಕ್ರಮ. ದೀಪವನ್ನು ಪಕ್ಕದಿಂದ ಹಿಡಿದು ಮೆಲ್ಲನೆ ಸರಿಸಿದಂತೆ ನೆರಳು ಚಲಿಸಿ, ಮೊದಲು ಮೂಲೆಯ ಗಂಧರ್ವನ ಮಾಲೆ, ಆಮೇಲೆ ಇಂದ್ರನ ಆನೆ, ಕೊನೆಗೆ ನಡುವಣ ಶಿವನ ಎತ್ತಿದ ಪಾದ ಕಾಣಿಸಿಕೊಳ್ಳುತ್ತವೆ.